ಒಣ ಸೀರೆ

ಹೆಸರು ಕೇಳುವುದರಲ್ಲಿ ಪರದೇಶದ ಕಚೇರಿಗಳಷ್ಟು ಹಟಮಾರಿಗಳು ಯಾರೂ ಇಲ್ಲ. ಮನುಷ್ಯರದಾದರೆ ಸ್ವಂತದ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಕೇಳಿ ಸುಮ್ಮನಾಗುತ್ತಾರೆ. ರಾಸಾಯನಿಕದ್ದಾದರೆ ಅಷ್ಟಕ್ಕೆ ಬಿಡುವುದಿಲ್ಲ. ಅದರ ಶಾಸ್ತ್ರೀಯ ಹೆಸರು ಬೇಕು, ಪೇಟೆಯಲ್ಲಿ ಕರೆಯುವ ಹೆಸರು ಬೇಕು, ಜಗತ್ತಿಗೆಲ್ಲ ಒಂದೇ ಆದ ನೋಂದಣಿ ಸಂಖ್ಯೆ ಬೇಕು, ಅಣುವಿನ ತೂಕ ಬೇಕು, ಅಣುವಿನ ಚಿತ್ರ ಬೇಕು. ಇಷ್ಟೆಲ್ಲ ಕೊಟ್ಟ ಮೇಲೂ, ಇದರ ಜತೆಗೆ ಇನ್ನೂ ಯಾರ್ಯಾರು ಬಂದಿದ್ದಾರೆ ಎಂದು ಬಾಗಿಲಲ್ಲೇ ನಿಲ್ಲಿಸಿ ಕೇಳುತ್ತಾರೆ. ಸಾರಿಕಾ ಸಿಕ್ಕಿಬಿದ್ದದ್ದು ಈ ಕೊನೆಯ ಪ್ರಶ್ನೆಯಲ್ಲಿ.

ಅವಳು ಅಕ್ಕೋಳ ರಸ್ತೆಯಲ್ಲಿರುವ ತವನಪ್ಪನವರ ಕಾರ್ಖಾನೆಯಲ್ಲಿ ಕೆಮಿಸ್ಟ್. ನಿಪ್ಪಾಣಿಯ ವಖಾರಿಗಳಲ್ಲಿ ತಂಬಾಕನ್ನು ಜರಡಿ ಹಿಡಿದ ಮೇಲೆ ಬೀಡಿಗೂ ಬಾರದ, ಜರ್ದಾಕ್ಕೂ ಬಾರದ ಕಡ್ಡಿ ಮತ್ತು ಧೂಳು ಉಳಿಯುತ್ತದಲ್ಲ, ಅದೆಲ್ಲ ಇಲ್ಲಿಗೆ ಬರುತ್ತದೆ. ಅದನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಸೀಮೆಎಣ್ಣೆಯಲ್ಲಿ ಸತ್ವ ಸೆಳೆದು, ಆಮ್ಲ ಹಾಕಿ, ಕೊನೆಗೆ ನಿಕೋಟಿನ್ ಸಲ್ಫೇಟ್ ಎಂಬ ಕಂದು ದ್ರವ ಮಾಡುತ್ತಾರೆ. ಬೆಳೆಯ ಹುಳ ಕೊಲ್ಲುವ ಔಷಧಿಗೆ ಅದು ಬೇಕು. ಕೆಲಸದ ಹೆಂಗಸರು ಅದಕ್ಕೆ ಕಷಾಯ ಎನ್ನುತ್ತಾರೆ. ಹೆಸರು ಮನೆಮದ್ದಿನದಾದರೂ ಅದನ್ನು ಕುಡಿಯುವುದಿರಲಿ, ಮುಟ್ಟಲೂಬಾರದು. ಚರ್ಮದ ಮೂಲಕವೇ ಮೈಯೊಳಗೆ ಇಳಿಯುವ ವಿಷ ಅದು.

ಈ ಕಷಾಯದ ಡ್ರಮ್ಮುಗಳು ಹಡಗು ಏರಬೇಕಾದರೆ, ಕೊಳ್ಳುವ ದೇಶದ ರಾಸಾಯನಿಕ ಪರಿಶೀಲನೆಯ ಕಚೇರಿಗೆ ಕಂಪ್ಯೂಟರಿನಲ್ಲಿ ಅರ್ಜಿ ತುಂಬಬೇಕಿತ್ತು. ಮಾಲೀಕ ತವನಪ್ಪನವರಿಗೆ ಕಂಪ್ಯೂಟರೆಂದರೆ ಮೊಮ್ಮಕ್ಕಳ ಆಟಿಕೆ. "ನೀನ ನೋಡವ್ವ, ನನಗ ಅದೆಲ್ಲ ತಿಳಿಯೂದಿಲ್ಲ" ಎಂದು ಪೂರ್ತಿ ಭಾರವನ್ನು ಅವಳ ಮೇಲೆ ಹಾಕಿ ಕೈತೊಳೆದುಕೊಂಡಿದ್ದರು. ಮೊದಲ ಪುಟಗಳನ್ನು ಸಾರಿಕಾ ಹೂ ಎತ್ತಿದಂತೆ ತುಂಬಿದಳು. ಮುಖ್ಯ ವಸ್ತು ಇಂಥದು, ಶುದ್ಧತೆ ಇಷ್ಟು, ಬಣ್ಣ ಕಂದು, ವಾಸನೆ ತಂಬಾಕಿನದು. ಆಮೇಲೆ ಬೆರಕೆಗಳ ಪುಟ ಬಂತು. ಮುಖ್ಯ ವಸ್ತುವಿನ ಜತೆ ಏನೇನು ಸೇರಿದೆ, ಅದು ಎಲ್ಲಿಂದ ಬಂತು, ಮುಂದೆಯೂ ಬರುತ್ತದೆಯೇ ಎಂದು ಒಂದೊಂದಕ್ಕೂ ಹೇಳಬೇಕು.

ಪರೀಕ್ಷೆಯ ಯಂತ್ರ ಕಾಗದದ ಮೇಲೆ ಎಳೆದುಕೊಡುವ ಗೆರೆಯಲ್ಲಿ ಒಂದು ದೊಡ್ಡ ಗುಡ್ಡ, ಅದರ ಸುತ್ತ ಒಂದಷ್ಟು ಸಣ್ಣ ದಿಬ್ಬಗಳು. ದೊಡ್ಡದು ನಿಕೋಟಿನ್. ಸಣ್ಣವೆಲ್ಲ ಅದರ ದಾಯಾದಿಗಳು, ಸಾರಿಕಾಗೆ ಪರಿಚಯದವೇ. ಆದರೆ ಕೆಲವು ಸಲದ ಮಾಲಿನಲ್ಲಿ ಮಾತ್ರ ಬಲಗಡೆ ದೂರದಲ್ಲಿ ಇನ್ನೊಂದು ಪುಟ್ಟ ದಿಬ್ಬ ಏಳುತ್ತಿತ್ತು. ಅದು ತಂಬಾಕಿನ ಪೈಕಿ ಅಲ್ಲ. ಸುಣ್ಣದ್ದಲ್ಲ, ಎಣ್ಣೆಯದಲ್ಲ, ಆಮ್ಲದ್ದಲ್ಲ. ಒಂದು ಸಲ ಬರುತ್ತದೆ, ಆಮೇಲೆ ಸುಳಿವಿಲ್ಲ, ಮತ್ತೆ ಬರುತ್ತದೆ. ಅದು ಬಂದ ತಾರೀಖುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಹುಡುಕಿದಾಗ ಪ್ರತಿಯೊಂದರ ಸ್ವಲ್ಪ ಮುಂಚೆ ಒಂದು ಕರೀ ಚುಕ್ಕೆ ಇತ್ತು, ಅಮಾವಾಸ್ಯೆಯದು. ರಸಾಯನಶಾಸ್ತ್ರದಲ್ಲಿ ಅಮಾವಾಸ್ಯೆಗೆ ಜಾಗವಿಲ್ಲ ಎಂದು ಅವಳಿಗೆ ನಗು ಬಂತು. ನಗು ಬಹಳ ಹೊತ್ತು ನಿಲ್ಲಲಿಲ್ಲ.

ಯಾಕೆಂದರೆ ಆ ಪುಟ ತೆರೆದಾಗಲೆಲ್ಲ ಅವಳ ಕುರ್ಚಿಯ ಹಿಂದೆ ಯಾರೋ ಬಂದು ನಿಲ್ಲುತ್ತಿದ್ದರು.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಓದಿದವಳ ತಲೆ ಕೆಟ್ಟಿದೆ ಎನ್ನುತ್ತಾರೆ. ಹಾಡಹಗಲು, ಕಿಟಕಿಯಿಂದ ಬಿಸಿಲು ಮೇಜಿನ ತನಕ ಬಂದಿರುತ್ತದೆ, ಕೆಳಗೆ ಶೆಡ್ಡಿನಲ್ಲಿ ಹೆಂಗಸರ ಮಾತು ಕೇಳುತ್ತಿರುತ್ತದೆ, ಅಂಥ ಹೊತ್ತಿನಲ್ಲೇ ಬೆನ್ನ ಹಿಂದೆ ತೊಟ್ಟು ತೊಟ್ಟಾಗಿ ನೀರು ಬೀಳುವ ಸದ್ದು. ಒದ್ದೆ ಬಟ್ಟೆಯ ವಾಸನೆ, ಅದರೊಳಗೆ ತಂಬಾಕಿನ ವಾಸನೆ. ತಿರುಗಿದರೆ ಯಾರೂ ಇಲ್ಲ. ಆ ವಾಸನೆ ಯಾರದೆಂದು ಸಾರಿಕಾಗೆ ಚೆನ್ನಾಗಿ ಗೊತ್ತಿತ್ತು. ಶಾಲೆಯಿಂದ ಬಂದವಳು ಅವ್ವನ ಮಡಿಲಲ್ಲಿ ಮುಖ ಹುದುಗಿಸಿ, ಸೀನಿ ಸೀನಿ, ಆದರೂ ಬಿಡದೆ ಮಲಗುತ್ತಿದ್ದಳು. ಅದೇ ವಾಸನೆ.

ಅವ್ವ ಜನಾಬಾಯಿ ಇದೇ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಸಾರಿಕಾ ಒಂಬತ್ತನೇ ತರಗತಿಯಲ್ಲಿದ್ದಾಗ ಕೆಲಸದ ಮೇಲಿದ್ದಾಗಲೇ ತೀರಿಕೊಂಡಳು. ಎದೆ ನೋವು ಬಂತು, ದವಾಖಾನೆ ಮುಟ್ಟಲಿಲ್ಲ ಎಂದು ಹೇಳಿದರು. ಅಪ್ಪ ಗುರಪ್ಪ ಆಗ ರಾಯಬಾಗದ ಕಡೆ ಕಬ್ಬು ಕಡಿಯಲು ಹೋಗಿದ್ದ. ಅವನು ಬರುವಷ್ಟರಲ್ಲಿ ಹೆಂಗಸರು ಅವ್ವನಿಗೆ ಸ್ನಾನ ಮಾಡಿಸಿ, ಬೌದ್ಧರ ಪದ್ಧತಿಯಂತೆ ಬಿಳಿ ಸೀರೆ ಉಡಿಸಿ, ಅಂಗಳದಲ್ಲಿ ಮಲಗಿಸಿದ್ದರು. ಅವನೂ ಅದನ್ನೇ ನಂಬಿದ. ಸಾರಿಕಾಳ ಮುಂದಿನ ಓದಿಗೆ ತವನಪ್ಪನವರು ನಿಂತರು, ಎಂ.ಎಸ್ಸಿ. ಮುಗಿದ ಮೇಲೆ ಕರೆದು ಕೆಲಸ ಕೊಟ್ಟರು. ಆ ಋಣ ಅವಳ ಮನಸ್ಸಿನಲ್ಲಿ ಸದಾ ಇತ್ತು. ಆ ಋಣದಿಂದಲೇ ಅವಳು ಈ ಅರ್ಜಿಯಲ್ಲಿ ಒಂದಕ್ಷರವೂ ತಪ್ಪಬಾರದೆಂದು ಕೂತಿದ್ದಳು.

ಪುಟ್ಟ ದಿಬ್ಬ ಬಂದಿದ್ದ ಮಾಲಿನ ಉಳಿಕೆಯನ್ನು ಅವಳು ಕೈಗವಸು ಹಾಕಿಕೊಂಡು ಶೋಧಿಸುವ ಕಾಗದದ ಮೇಲೆ ಸುರಿದಳು. ಕಂದು ದ್ರವವೆಲ್ಲ ಇಳಿದ ಮೇಲೆ, ನೀರು ಹಾಕಿ ತೊಳೆದಾಗ, ಕಾಗದದ ಮೇಲೆ ಹಳದಿ ಕಲೆ ಉಳಿಯಿತು. ಕಲೆಯ ಪಕ್ಕದಲ್ಲಿ ಅರ್ಧ ಕರಗಿದ ಒಂದು ಅಕ್ಕಿಕಾಳು. ಮುಂದಿನದಕ್ಕೆ ಯಂತ್ರ ಬೇಕಾಗಲಿಲ್ಲ. ಆರತಿಯ ನೀರು ಕೆಂಪಾಗಲು ಅರಿಶಿನಕ್ಕೆ ಏನು ಬೆರೆಸಬೇಕೆಂದು ಈ ಸೀಮೆಯ ಸಣ್ಣ ಹುಡುಗಿಗೂ ಗೊತ್ತು. ಅವಳು ಸುಣ್ಣದ ತಿಳಿಯ ಒಂದು ಹನಿ ಬಿಟ್ಟಳು. ಹಳದಿ ಕಲೆ ಕುಂಕುಮದಂತೆ ಕೆಂಪಾಯಿತು.

ಹುಳ ಕೊಲ್ಲುವ ವಿಷದಲ್ಲಿ ಅರಿಶಿನ, ಅಕ್ಕಿ. ಬೆನ್ನ ಹಿಂದೆ ಮತ್ತೊಂದು ತೊಟ್ಟು ಬಿತ್ತು.

ಊಟದ ಹೊತ್ತಿಗೆ ಅವಳು ಕೆಳಗಿಳಿದಳು. ಶೆಡ್ಡಿನ ತುದಿಯಲ್ಲಿ ಕಡೇ ತೊಟ್ಟಿ ಇದೆ, ತಯಾರಾದ ಕಷಾಯ ತಂಗುವ ಜಾಗ. ಅಲ್ಲಿಗೆ ಅವಳನ್ನು ಯಾರೂ ಬರಗೊಡುತ್ತಿರಲಿಲ್ಲ. "ನೀವ್ಯಾಕ್ರಿ, ನಾವ ತಂದ ಕೊಡ್ತೇವಿ" ಎಂದು ಶೀಶೆ ತುಂಬಿ ಮೇಲಕ್ಕೇ ತಂದು ಕೊಡುತ್ತಿದ್ದರು. ಓದಿದ ಹುಡುಗಿಯ ಮೇಲಿನ ಅಕ್ಕರೆ ಎಂದು ಅವಳು ತಿಳಿದಿದ್ದಳು. ತೊಟ್ಟಿಯ ಮುಂದೆ ನೆಲ ಹಸಿಯಾಗಿತ್ತು. ಅದು ಯಾವಾಗಲೂ ಹಸಿಯೇ. ಹೊರಗೆ ಏಪ್ರಿಲ್ ಬಿಸಿಲಿಗೆ ಎರೆಭೂಮಿ ಬಿರಿದಾಗಲೂ ಅಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಹಸಿ. ಫಿಟ್ಟರ್ ಜಕ್ಕಪ್ಪ ತೊಟ್ಟಿ ಸೋರುತ್ತದೆಂದು ಬರಿದು ಮಾಡಿ ನೋಡಿದ್ದ, ನೆಲ ಕಿತ್ತು ಹೊಸ ಸಿಮೆಂಟು ಹಾಕಿದ್ದ. ಸಿಮೆಂಟು ಸುತ್ತಲೂ ಒಣಗಿತು, ಅಷ್ಟು ಜಾಗ ಬಿಟ್ಟು.

ಹೆಂಗಸರು ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದ್ದರು. ಅವರಲ್ಲಿ ಹಿರಿಯಳು ಹೌಸಾಬಾಯಿ, ಅವ್ವನ ಜತೆ ಕೆಲಸ ಮಾಡಿದವಳು. ಸಾರಿಕಾಗೆ ಅವಳು ಮಾವಶಿ, ಚಿಕ್ಕಮ್ಮನ ಸಮಾನ; ಅವಳಿಗೆ ಸಾರಿಕಾ ಇನ್ನೂ ಬಾಳಾ, ಮಗು.

"ಹೌಸಾ ಮಾವಶಿ, ಕಡೀ ತೊಟ್ಟ್ಯಾಗ ಅರಿಷಿಣ ಹೆಂಗ ಬಂತು?" ಎಂದಳು ಸಾರಿಕಾ.

ಹೌಸಾಬಾಯಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ಅರಿಷಿಣ ಎಲ್ಲಿ ಬೀಳೂದಿಲ್ಲ ಹೇಳ ಬಾಳಾ. ಹೆಣ್ಮಕ್ಕಳ ಕೈಗೆ ಹತ್ತಿರತೈತಿ, ಉದುರತೈತಿ."

"ಅಮಾಸಿಗೆ ಅಷ್ಟ ಉದುರತೈತೇನು?"

ಆಗ ರೊಟ್ಟಿ ಮುರಿಯುವ ಕೈ ನಿಂತಿತು. ಉಳಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೌಸಾಬಾಯಿ ಬುತ್ತಿಯ ಅರಿವೆ ಕಟ್ಟಿಕೊಂಡು ಎದ್ದಳು. "ಊಟದ ಹೊತ್ತಿನ್ಯಾಗ ಬ್ಯಾಡ" ಎಂದಷ್ಟೇ ಹೇಳಿ ಒಳಗೆ ಹೋದಳು.

ಅಮಾವಾಸ್ಯೆಗೆ ಬಹಳ ದಿನ ಇರಲಿಲ್ಲ. ಅಂದು ಬೆಳಿಗ್ಗೆ, ಕೆಲಸ ಹತ್ತುವ ಮುಂಚೆ, ಸಾರಿಕಾ ಮೇಲಿನ ಕೋಣೆಗೆ ಹೋಗದೆ ಕಡ್ಡಿಯ ಚೀಲಗಳ ಮಗ್ಗುಲಲ್ಲಿ ನಿಂತಳು. ಗಂಡಸರು ಇನ್ನೂ ಬಂದಿರಲಿಲ್ಲ. ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು ಕಡೇ ತೊಟ್ಟಿಯ ಮುಂದೆ ಸೇರಿದರು. ಹೌಸಾಬಾಯಿಯ ಕೈಯಲ್ಲಿ ಮೊರ. ಮೊರದಲ್ಲಿ ಅಕ್ಕಿ, ಅರಿಶಿನದ ಪುಡಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಮಡಿಸಿದ ಒಂದು ಕುಪ್ಪಸದ ಕಣ. ಮುತ್ತೈದೆಗೆ ಉಡಿ ತುಂಬುವ ಸಾಮಾನು. ಮುಚ್ಚಳ ಸರಿಸಿ ಅವಳು ಅಕ್ಕಿ ಅರಿಶಿನವನ್ನು ತೊಟ್ಟಿಯೊಳಗೆ ಬಿಟ್ಟಳು, ಮಡಿಲಿಗೆ ಹಾಕುವ ಹಾಗೆ, ಮೆಲ್ಲಗೆ. ಆಮೇಲೆ ಕಣವನ್ನು ಬಿಚ್ಚಿ ಆ ಹಸಿ ನೆಲದ ಮೇಲೆ ಹಾಸಿದಳು.

"ಜನಾಕ್ಕ, ಒಣದ ತಂದೇವಿ. ಬದಲಸ್ಕೋ ನನ್ನವ್ವ" ಎಂದಳು.

ಕಣದ ಅರಿವೆ ನೋಡನೋಡುತ್ತ ತೊಯ್ದು ಕಪ್ಪಾಯಿತು. ಸಾರಿಕಾ ಚೀಲಕ್ಕೆ ಒರಗಿಕೊಂಡಳು. ಜನಾಕ್ಕ ಎಂದರೆ ಅವಳ ಅವ್ವ.

ಹೌಸಾಬಾಯಿ ಅವಳನ್ನು ಕಂಡಳು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲವೆಂದು ಅವಳಿಗೂ ಅನ್ನಿಸಿರಬೇಕು. ಮೊರ ಕೆಳಗಿಟ್ಟು, ಸಾರಿಕಾಳನ್ನು ಚೀಲದ ಮೇಲೆ ಕೂಡಿಸಿ, ತಾನು ನೆಲಕ್ಕೆ ಕೂತಳು.

"ನಿಮ್ಮವ್ವಗ ಎದಿ ನೋವು ಬಂದಿರಲಿಲ್ಲ ಬಾಳಾ. ಆಕೀ ಎದಿ ಗಟ್ಟೇ ಇತ್ತು. ಮ್ಯಾಲಿನ ಪೈಪಿನ ಜಾಯಿಂಟ್ ಕಿತ್ತು ಕಷಾಯ ಆಕೀ ಮ್ಯಾಲ ಬಿತ್ತು. ಕುತಗಿಯಿಂದ ಕಾಲತನ ತೊಯ್ದಳು. ಇಲ್ಲೇ ನಿಂತಿದ್ದಳು, ಈ ಜಾಗಾದಾಗ. ಸೀರಿ ಮೈಗೆ ಅಂಟಿಬಿಟ್ಟಿತ್ತು. ಸಪ್ಪಳ ಕೇಳಿ ಗಂಡಸರೆಲ್ಲ ಓಡಿ ಬಂದ ಸುತ್ತಗಟ್ಟಿದ್ರು. ಮಾಲಕರೂ ಬಂದ್ರು. ಈಕಿ ಸೆರಗ ಜಗ್ಗಾಕತ್ತಳು. ಮೈ ಉರಿತೈತಿ, ಸೀರಿ ತಗೀತೀನಿ ಅಂದಳು."

ಹೌಸಾಬಾಯಿ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡಳು.

"ನಾನ ಆಕೀ ಕೈ ಹಿಡದೆ. ಇಷ್ಟ ಗಂಡಸರ ಮುಂದ ಹೆಂಗ ತಗೀತೀ ಅಂದೆ. ಗಟ್ಟಿ ಹಿಡದೆ. ಜಕ್ಕಪ್ಪ ತನ್ನ ಕಂಬಳಿ ಕೊಟ್ಟ. ಮುಚ್ಚರಿ ಆಕೀನ ಅಂದ್ರು ಮಾಲಕರು. ತೊಯ್ದ ಸೀರಿ ಮ್ಯಾಲ ಕಂಬಳಿ ಸುತ್ತಿ ಟೆಂಪೋದಾಗ ಹಾಕಿದ್ವಿ. ದಾರ್ಯಾಗ ವಾಂತಿ ಮಾಡಿದಳು, ನಡಗಿದಳು. ಥಂಡಿ ಹತ್ತೈತಿ ಅಂತ ನಾವು ಮತ್ತಿಷ್ಟು ಬಿಗದ ಸುತ್ತಿದ್ವಿ. ದವಾಖಾನ್ಯಾಗ ಡಾಕ್ಟರು ಕಂಬಳಿ ಬಿಚ್ಚಿ ಒಂದ ಮಾತ ಕೇಳಿದ್ರು. ಸೀರಿ ಯಾಕ ತಗೀಲಿಲ್ಲ ಅಂದ್ರು. ತಗದು ನೀರ ಹಾಕಿದ್ರ ಉಳೀತಿದ್ದಳು ಅಂದ್ರು."

ಯಾರೋ ಮೂಗು ಸೀಟಿಕೊಂಡರು. ಹೌಸಾಬಾಯಿ ಅತ್ತಿರಲಿಲ್ಲ. ಅಳು ಮುಗಿದು ವರ್ಷಗಳಾಗಿದ್ದವು.

"ಗಂಡಸರಿಗೆ ಹೊರಗ ಹೋಗ್ರಿ ಅಂದಿದ್ರ ಮುಗೀತಿತ್ತು ಬಾಳಾ. ಅಷ್ಟ ಮಾತು. ಯಾರಿಗೂ ಬಾಯಿ ಬರಲಿಲ್ಲ. ಅದರಾಗ ಮಾಲಕರೂ ಇದ್ರಲ್ಲ, ಅವರಿಗೆ ಹೊರಗ ನಡೀರಿ ಅಂತ ಹೆಂಗ ಅನ್ನೂದು? ಆವತ್ತಿನಿಂದ ಈ ನೆಲಾ ಒಣಗಿಲ್ಲ. ಆಕಿ ಇನ್ನೂ ಹಸೀ ಸೀರ್ಯಾಗ ನಿಂತಾಳ."

ಸಾರಿಕಾಗೆ ಮೊದಲು ಬಂದದ್ದು ಸಿಟ್ಟು. ಇವರ ಮೇಲೆ, ಇವರ ಅಕ್ಕರೆಯ ಮೇಲೆ, ಮಾನ ಮರ್ಯಾದೆ ಎಂಬ ಮಾತಿನ ಮೇಲೆ ಅವಳಿಗೆ ಎಂಥ ಸಿಟ್ಟು ಬಂತೆಂದರೆ, ಆ ಮೊರವನ್ನು ಎತ್ತಿ ಬೀಸಿ ಒಗೆಯಬೇಕೆನ್ನಿಸಿತು. ಉರಿಯುತ್ತಿದ್ದವಳನ್ನು ಹಿಡಿದು ನಿಲ್ಲಿಸಿದರಲ್ಲ. ಒಳ್ಳೆಯವರಾಗಿದ್ದೇ ಕೊಂದರಲ್ಲ. ಅವ್ವ ಭಾನುವಾರ ವಿಹಾರದಲ್ಲಿ ಬುದ್ಧವಂದನೆ ಹೇಳುವವಳು, ಉಡಿ, ಅಮಾವಾಸ್ಯೆ, ಗಾಳಿ ಎಂದರೆ ನಕ್ಕುಬಿಡುವವಳು. ಅಂಥವಳಿಗೆ ಈಗ ಅಕ್ಕಿ ಅರಿಶಿನ. ಆದರೆ ಹೌಸಾಬಾಯಿಯ ಚಾಚಿದ ಕೈಗಳು ಇನ್ನೂ ಹಾಗೇ ಇದ್ದವು. ಆ ಜಾಗದಲ್ಲಿ ತಾನಿದ್ದರೂ ಮೊದಲು ಹಿಡಿಯುತ್ತಿದ್ದದ್ದು ಸೆರಗನ್ನೇ ಎಂದು ಸಾರಿಕಾಗೆ ಗೊತ್ತಿತ್ತು. ಅದು ಗೊತ್ತಾದದ್ದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತು.

"ಇನ್ನ ಮ್ಯಾಲ ತೊಟ್ಟ್ಯಾಗ ಏನೂ ಹಾಕಬ್ಯಾಡ್ರಿ" ಎಂದಳು.

"ಆಕಿ ಒಣಗಲಿ, ಅವತ್ತ ಬಿಡತೇವಿ" ಎಂದಳು ಹೌಸಾಬಾಯಿ. "ಅಲ್ಲೀತನಾ ಕೈಯಾಗ ಬೇಡಿ ಹಾಕಿದ್ರೂ ಬಿಡೂದಿಲ್ಲ."

ಅರ್ಜಿಯ ಗತಿ ಹೀಗಾಯಿತು. ಬೆರಕೆಯ ಹೆಸರು ಈಗ ಗೊತ್ತು. ಎಲ್ಲಿಂದ ಬಂತೆಂದೂ ಗೊತ್ತು. ಮುಂದೆಯೂ ಬರುತ್ತದೆಯೇ ಎಂಬ ಪ್ರಶ್ನೆಗೆ ಮಾತ್ರ, ಬರುವುದಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅವ್ವ ಒಣಗದೆ ಅದು ನಿಜವಾಗುವ ಹಾಗಿರಲಿಲ್ಲ.

ತವನಪ್ಪನವರು ತಮ್ಮ ಕೋಣೆಯಲ್ಲಿದ್ದರು. ನಲ್ಲಿಗೂ ಬಟ್ಟೆ ಕಟ್ಟಿ ಸೋಸಿದ ನೀರನ್ನೇ ಕುಡಿಯುವ ಜೈನ ಮನುಷ್ಯ. ಹೊತ್ತು ಮುಳುಗುವ ಮುಂಚೆ ಊಟ ಮುಗಿಸುತ್ತಾರೆ, ದೀಪಕ್ಕೆ ಬರುವ ಹುಳ ತಟ್ಟೆಗೆ ಬಿದ್ದು ಸಾಯದಿರಲೆಂದು. ಹಾಗಿದ್ದವರು ಹುಳದ ಔಷಧಿ ಮಾರುವುದೇನು ಎಂದು ಊರಲ್ಲಿ ಕೆಲವರು ಚೇಷ್ಟೆ ಮಾಡುತ್ತಿದ್ದರು, ಅವರ ಬೆನ್ನ ಹಿಂದೆ. ಸಾರಿಕಾ ಹಳದಿ ಕಲೆಯ ಸುದ್ದಿಯನ್ನಷ್ಟೇ ಹೇಳಿದಳು. ಅಮಾವಾಸ್ಯೆಯ ಮಾತು ಎತ್ತಲಿಲ್ಲ.

"ಹೆಂಗಸರದು ಏನರೆ ಇರತೈತಿ" ಎಂದರು ಅವರು, ಕನ್ನಡಕ ಒರೆಸುತ್ತ. "ಸಸ್ಯದ ಬಣ್ಣ ಅಂತ ಬರದ ಕಳಸಿಬಿಡು. ತೊಟ್ಟಿಗೆ ಹೊಸಾ ಮುಚ್ಚಳ ಮಾಡಿಸಿ ಕೀಲಿ ಜಡಿಯೂಣ. ಮುಚ್ಚಿಬಿಟ್ರ ಆತು."

"ಮತ್ತ ಮುಚ್ಚೂದೇನ್ರಿ ಅಣ್ಣಾ?"

ಒರೆಸುವ ಕೈ ನಿಂತಿತು. ಕನ್ನಡಕವಿಲ್ಲದ ಅವರ ಕಣ್ಣುಗಳು ಬಹಳ ಸಣ್ಣದಾಗಿ, ಮುದಿಯಾಗಿ ಕಂಡವು. ಬಾಗಿಲ ಬಳಿ ಒಂದು ತೊಟ್ಟು ಬಿದ್ದ ಸದ್ದಾಯಿತು. ಅವರೂ ಆ ಕಡೆ ನೋಡಿದರು. ಅವರಿಗೂ ಅದು ಕೇಳಿಸುತ್ತದೆ, ಇವತ್ತಿನಿಂದಲ್ಲ, ಎಂದು ಸಾರಿಕಾಗೆ ಆಗ ತಿಳಿಯಿತು.

"ಮುಚ್ಚರಿ ಅಂದಾಂವ ನಾನ" ಎಂದರು ತವನಪ್ಪ. "ಆಕೀ ಮಾನ ಉಳಸಾಕತ್ತೇನಿ ಅಂತ ತಿಳಕೊಂಡೆ. ಆ ಹೆಣ್ಮಗಳಿಗೆ ಬೇಕಾಗಿದ್ದು ಅದಲ್ಲ, ನಾ ಅಲ್ಲಿಂದ ಹೋಗೂದ ಬೇಕಾಗಿತ್ತು. ಅದು ನನಗ ಹೊಳೀಲಿಲ್ಲ. ನಿನಗ ಎದಿ ನೋವು ಅಂತ ಹೇಳಿಸಿದಾಂವನೂ ನಾನ. ಸಣ್ಣಾಕಿ ಇದ್ದಿ. ಏನಂತ ಹೇಳಲಿ?"

"ದೊಡ್ಡಾಕಿ ಆದ ಮ್ಯಾಲೂ ಹೇಳಲಿಲ್ಲಲ್ರಿ."

"ಇಲ್ಲ" ಎಂದರು. "ಧೈರ್ಯ ಬರಲಿಲ್ಲ."

ಅವಳ ಓದು, ಕೆಲಸ, ಮೇಲಿನ ಕೋಣೆಯ ಗಾದಿ ಹಾಕಿದ ಕುರ್ಚಿ, ಎಲ್ಲ ಒಂದು ಕಂಬಳಿಯ ಬದಲಿಗೆ ಬಂದದ್ದೆಂದು ಸಾರಿಕಾಗೆ ಅನ್ನಿಸಿತು. ಎದ್ದು ಹೋಗಿಬಿಡಬಹುದಿತ್ತು. ಹೋದರೆ ಅವ್ವ ಅಲ್ಲೇ ನಿಂತಿರುತ್ತಾಳೆ.

"ಅರ್ಜಿ ನಾ ತುಂಬತೀನ್ರಿ" ಎಂದಳು. "ಅರಿಷಿಣ ಅಂತನ ಬರೀತೀನಿ. ಇಲ್ಲಿ ಸತ್ತಾಕೀ ಹೆಸರೀಲೆ ಹಾಕಿದ್ದು ಅಂತ ಬರೀತೀನಿ. ಇನ್ನ ಬೀಳೂದಿಲ್ಲ ಅಂತನೂ ಬರೀಬೇಕು. ಅದು ಖರೇ ಆಗಬೇಕಾದ್ರ ಕಡೀ ತೊಟ್ಟೀ ಬಾಜೂಕ ಒಂದ ಖೋಲಿ ಕಟ್ಟಸ್ರಿ. ಬಾಗಲಾ ಇರಬೇಕು. ನೀರ ಇರಬೇಕು. ಒಣಾ ಸೀರಿ ಇರಬೇಕು. ಚಿಲಕ ಒಳಗಿನಿಂದ ಇರಬೇಕು. ಅಲ್ಲೀತನಾ ನಾ ಅರ್ಜಿ ಕಳಸೂ ಬಟನ್ ಒತ್ತೂದಿಲ್ಲ."

ತವನಪ್ಪ ಬಾಗಿಲ ಕಡೆ ಇನ್ನೊಮ್ಮೆ ನೋಡಿ, "ಕಟ್ಟಸ್ತೇನಿ" ಎಂದರು.

ಖೋಲಿ ಎದ್ದಿತು. ಅಷ್ಟು ವರ್ಷ ಆ ಹೆಂಗಸರು ಬಟ್ಟೆ ಬದಲಿಸಲು ಕಬ್ಬಿನ ಹೊಲದ ಮರೆಗೇ ಹೋಗುತ್ತಿದ್ದರೆಂಬುದು ಯಾರಿಗೂ ಹೊಳೆದಿರಲಿಲ್ಲ, ಹೊಳೆಯಬೇಕಾದವರು ಗಂಡಸರಾಗಿದ್ದರು. ಇಟ್ಟಿಗೆಯ ಕೆಲಸಕ್ಕೆ ಗೌಂಡಿ ಬಂದ. ಬಾಗಿಲಿನ ಕೆಲಸವನ್ನು ಜಕ್ಕಪ್ಪ ಯಾರಿಗೂ ಬಿಟ್ಟುಕೊಡಲಿಲ್ಲ. ಹಿಂದೆ ತನ್ನ ಕಂಬಳಿ ಕೊಟ್ಟವನು, ಅಂದಿನಿಂದ ಎಂಥ ಚಳಿಯಲ್ಲೂ ಕಂಬಳಿ ಹೊದ್ದವನಲ್ಲ. ಒಳಗಡೆ ಹಿತ್ತಾಳೆಯ ಚಿಲಕ ಕೂಡಿಸಿ, ಹಾಕಿ ತೆಗೆದು, ಹಾಕಿ ತೆಗೆದು ನೋಡಿದ. ಹೊರಗಡೆ ಚಿಲಕ ಬೇಡವೇ ಎಂದು ಗೌಂಡಿ ಕೇಳಿದ್ದಕ್ಕೆ, "ಬ್ಯಾಡ, ಹೊರಗಿನವರಿಗೆ ಅದರ ಕೆಲಸ ಇಲ್ಲ" ಎಂದ.

ಹೆಂಗಸರು ಒಬ್ಬೊಬ್ಬರು ಒಂದೊಂದು ಸೀರೆ ತಂದು ಕಲ್ಲಿನ ಹಲಗೆಯ ಮೇಲಿಟ್ಟರು. ಯಾರ ಮೇಲೆ ಕಷಾಯ ಬಿದ್ದರೂ ಇಲ್ಲಿಗೆ ಓಡಿ ಬರಬೇಕು, ತೊಯ್ದದ್ದನ್ನು ಕಿತ್ತೊಗೆದು ನೀರು ಸುರಿದುಕೊಳ್ಳಬೇಕು, ಎಂದು ಸಾರಿಕಾ ಒಬ್ಬೊಬ್ಬರಿಗೂ ಹೇಳಿದಳು. ಅವಳು ತಂದದ್ದು ಅವ್ವನ ಟ್ರಂಕಿನಲ್ಲಿದ್ದ ಹಸಿರು ಇಳಕಲ್ ಸೀರೆ. ಮಗಳ ಮದುವೆಗೆ ಉಡುತ್ತೇನೆಂದು ಮಡಿಕೆ ಬಿಚ್ಚದೆ ಇಟ್ಟದ್ದು. ಅಪ್ಪ ಗುರಪ್ಪನಿಗೆ ಅವಳು ಎಲ್ಲವನ್ನೂ ಹೇಳಿದ್ದಳು. ಅವನು ಎದ್ದು ಟ್ರಂಕಿನ ಕೀಲಿ ತಂದು ಅವಳ ಕೈಯಲ್ಲಿಟ್ಟಿದ್ದ.

ಮುಂದಿನ ಅಮಾವಾಸ್ಯೆಯಂದು ತೊಟ್ಟಿಯ ಮುಚ್ಚಳ ಯಾರೂ ಸರಿಸಲಿಲ್ಲ. ಹೌಸಾಬಾಯಿ ಮೊರವನ್ನು ಖೋಲಿಯೊಳಗೆ ಇಟ್ಟು, ಕೊಡಗಳಿಗೆ ನೀರು ತುಂಬಿ, ಬಾಗಿಲು ಮುಂದೆ ಮಾಡಿ ಬಂದಳು. ಸಂಜೆ ಸಾರಿಕಾ ಬೆರಕೆಗಳ ಪುಟ ತುಂಬಿದಳು. ಅರಿಶಿನ, ಅಲ್ಪ. ಕೆಲಸದವರು ಇಲ್ಲಿ ಸತ್ತ ಜನಾಬಾಯಿ ಎಂಬವಳ ಹೆಸರಿನಲ್ಲಿ ಹಾಕಿದ್ದು. ಮುಂದೆಯೂ ಬರುತ್ತದೆಯೇ ಎಂಬ ಜಾಗವನ್ನು ಖಾಲಿ ಬಿಟ್ಟಳು. ತವನಪ್ಪನವರು ಬೆನ್ನ ಹಿಂದೆ ನಿಂತು ಓದಿ, ಒಂದು ಮಾತನ್ನೂ ಹೊಡೆದುಹಾಕಲು ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಕಾರ್ಖಾನೆಗೆ ಬಂದಾಗ ಶೆಡ್ಡಿನ ತುದಿಯಲ್ಲಿ ಗುಂಪು ನೆರೆದಿತ್ತು. ಹೆಂಗಸರು ಒಂದು ಕಡೆ ಗೋಡೆಗೆ ಅಂಟಿಕೊಂಡು ನಿಂತಿದ್ದರು. ಗಂಡಸರು ಖೋಲಿಯ ಬಾಗಿಲನ್ನು ಸುತ್ತುಗಟ್ಟಿದ್ದರು, ನಡುವೆ ತವನಪ್ಪ. ಜಕ್ಕಪ್ಪನ ಕೈಯಲ್ಲಿ ಹಾರೆ ಇತ್ತು.

"ಒಳಗಿನಿಂದ ಚಿಲಕ ಬಿದ್ದೈತಿ" ಎಂದ ಜಕ್ಕಪ್ಪ. "ಹೆಣ್ಮಕ್ಕಳೆಲ್ಲ ಇಲ್ಲೇ ಅದಾರ, ನೋಡೇನಿ. ಒಳಗ ಯಾರೂ ಇರಾಕ ಶಕ್ಯನ ಇಲ್ಲ. ಮುರದ ನೋಡತೇನಿ."

ಸಾರಿಕಾ ಕಡೇ ತೊಟ್ಟಿಯ ಮುಂದಿನ ನೆಲ ನೋಡಿದಳು. ಅದು ಒಣಗಿತ್ತು. ಸಿಮೆಂಟಿನ ಮೇಲೆ ಬಿಳಿ ಧೂಳು ಕೂತಿತ್ತು, ಬೇರೆ ಎಲ್ಲ ಕಡೆ ಇದ್ದ ಹಾಗೆ. ಅವಳು ಬಗ್ಗಿ ಕೈಯಿಟ್ಟು ನೋಡಿದಳು. ಆಮೇಲೆ ಖೋಲಿಯ ಹತ್ತಿರ ಹೋದಳು. ಬಾಗಿಲ ಸಂದಿಯಿಂದ ನೀರು ಹರಿದು ಬರುತ್ತಿತ್ತು, ಮೊದಲು ಕಂದು, ಆಮೇಲೆ ತಿಳಿ. ಒಳಗೆ ಯಾರೋ ತಂಬಿಗೆಯಿಂದ ನೀರು ಸುರಿದುಕೊಳ್ಳುವ ಸದ್ದು ಕೇಳುತ್ತಿತ್ತು, ಅವಸರವಿಲ್ಲದೆ, ಒಂದಾದ ಮೇಲೆ ಒಂದು. ಹೌಸಾಬಾಯಿ ಬಾಯಿಗೆ ಸೆರಗು ಒತ್ತಿ ಹಿಡಿದಿದ್ದಳು. ಕೊನೆಗೆ ತಂಬಿಗೆ ನೆಲಕ್ಕಿಟ್ಟ ಸದ್ದಾಯಿತು. ಅದರ ಹಿಂದೆಯೇ ಮಡಿಕೆ ಬಿಚ್ಚದ ಹೊಸ ಸೀರೆಯನ್ನು ಕೊಡವಿದ ಸದ್ದು.

ಜಕ್ಕಪ್ಪ ಹಾರೆ ಎತ್ತಿದ. ಸಾರಿಕಾ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಕಾಕಾ, ಹಾರಿ ಕೆಳಗ ಇಡ್ರಿ" ಎಂದಳು. "ಒಳಗ ಹೆಣ್ಮಗಳದಾಳ. ಸೀರಿ ಬದಲಸಾಕತ್ತಾಳ."

ಯಾರೂ ಕದಲಲಿಲ್ಲ. ಸಾರಿಕಾ ಒಬ್ಬೊಬ್ಬರ ಮುಖ ನೋಡಿದಳು, ಕಡೆಗೆ ತವನಪ್ಪನವರದು.

"ಗಂಡಸರು ಹೊರಗ ಹೋಗ್ರಿ. ಮಾಲಕರ, ನೀವೂ."

ಎಲ್ಲರಿಗಿಂತ ಮೊದಲು ತವ‍ನಪ್ಪನವರು ಹೊರಗೆ ಹೋದರು.